ಪದ್ಮಿನಿಯ ಹಿಂದಿನ ಮಡ್‌ಗಾರ್ಡ್: ಪುಟ್ಟಿ ಕೆರೆದರೆ ಒಳಗೆ ತುಕ್ಕು ಸಿಕ್ಕಿದೆ, ಮನೆಯಲ್ಲೇ ಸರಿ ಮಾಡಬಹುದಾ?

ಪದ್ಮಿನಿ_ನಿಟುವಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮದು 1978ರ ಪ್ರೀಮಿಯರ್ ಪದ್ಮಿನಿ. ಅಪ್ಪ ಕೊಂಡ ಗಾಡಿ. ಅವರು ತೀರಿಕೊಂಡು ನಾಲ್ಕು ವರ್ಷ ಆಯಿತು. ಇಂಜಿನ್ ಚೆನ್ನಾಗಿದೆ. ಭಾನುವಾರ ಬೆಳಗ್ಗೆ ಇಲ್ಲೇ ದಾವಣಗೆರೆಯ ಕುಂದವಾಡ ಕೆರೆ ತನಕ ಹೋಗಿ ಬರುತ್ತೇನೆ.

ಹೋದ ತಿಂಗಳು ರಿವರ್ಸ್ ತೆಗೆಯುವಾಗ ಎಡಗಡೆ ಹಿಂದಿನ ಮಡ್‌ಗಾರ್ಡ್ ಗೇಟಿನ ಕಂಬಕ್ಕೆ ತಾಗಿತು. ಅಂಗೈ ಅಗಲದ ತಗ್ಗು. ಬಡಿದು ಸರಿ ಮಾಡೋಣ ಅಂತ ಪೇಂಟ್ ಕೆರೆದೆ. ಪೇಂಟಿನ ಜೊತೆ ಪುಟ್ಟಿ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು. ಒಂದು ತುಂಡನ್ನು ಅಳೆದೆ, 9 ಮಿ.ಮೀ. ದಪ್ಪ ಇತ್ತು. ಅದರ ಕೆಳಗೆಲ್ಲ ತುಕ್ಕು. ಚಕ್ರದ ಕಮಾನಿನ ಹತ್ತಿರ ಸ್ಕ್ರೂಡ್ರೈವರ್ ಒತ್ತಿದರೆ ಎರಡು ಕಡೆ ಒಳಗೇ ಹೋಯಿತು. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡಿನ ಹಿಂದಿನ ತುದಿಯೂ ಮೆತ್ತಗಿದೆ.

ಗಾಡಿಯ ತಗಡು ಬಡಿದು ಸರಿ ಮಾಡುವ ಇಬ್ಬರು ಟಿಂಕರ್‌ಗಳಿಗೆ ತೋರಿಸಿದೆ. ಒಬ್ಬರು ಫೈಬರ್ ಅಂಟಿಸಿ ಪುಟ್ಟಿ ಎಳೆದುಕೊಡುತ್ತೇನೆ, ಎರಡು ದಿನ ಸಾಕು ಅಂದರು. ಇನ್ನೊಬ್ಬರು ಮಾರಿಬಿಡಿ ಅಂದರು. ಎರಡಕ್ಕೂ ಮನಸ್ಸು ಒಪ್ಪಲಿಲ್ಲ. ನಾನೇ ಮಾಡಬೇಕು ಅಂತ ಆಸೆ ಇದೆ. ನನ್ನ ಹತ್ತಿರ ಗ್ರೈಂಡರ್, ಡ್ರಿಲ್, ಎರಡು ಸುತ್ತಿಗೆ ಇವೆ. ಮನೆ ಹಿಂದೆ ತಗಡಿನ ಶೆಡ್ ಇದೆ. ವೆಲ್ಡಿಂಗ್ ಬರುವುದಿಲ್ಲ. ತುಕ್ಕು ಹಿಡಿದ ಭಾಗವನ್ನು ಕತ್ತರಿಸಲೇಬೇಕಾ?

ಹರಿಹರದ ಫಿಟ್ಟರ್

ತಮ್ಮಾ, ಮಾರಬೇಡ. ಫೈಬರನ್ನೂ ಹಾಕಿಸಬೇಡ. ತುಕ್ಕಿನ ಮೇಲೆ ಫೈಬರ್ ಅಂಟಿಸಿದರೆ ತುಕ್ಕು ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಅಂಚಿನಲ್ಲಿ ಗುಳ್ಳೆ ಏಳುತ್ತದೆ. ಆಗ ಕತ್ತರಿಸುವ ಜಾಗ ಇನ್ನೂ ದೊಡ್ಡದಾಗಿರುತ್ತದೆ.

ಲಾರಿಗೋ ಜೀಪಿಗೋ ಇದ್ದ ಹಾಗೆ ಪದ್ಮಿನಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ನೆಲದ ತಗಡು, ರನ್ನಿಂಗ್ ಬೋರ್ಡ್, ಬಾಗಿಲ ಕಂಬ, ಟಾಪು ಎಲ್ಲ ಸೇರಿ ಒಂದೇ ಪೆಟ್ಟಿಗೆ. ಮಡ್‌ಗಾರ್ಡ್ ತೂತಾದರೆ ನೋಡೋಕೆ ಕೆಟ್ಟದಾಗಿ ಕಾಣುತ್ತದೆ. ರನ್ನಿಂಗ್ ಬೋರ್ಡ್ ಹೋದರೆ ಗಾಡಿಯ ಬಲವೇ ಹೋಗುತ್ತದೆ. ನೀನು ತಗ್ಗಿನ ಬಗ್ಗೆ ಜಾಸ್ತಿ ಬರೆದಿದ್ದೀಯ. ನನಗೆ ಚಿಂತೆ ಆಗಿದ್ದು ಆ ಮೆತ್ತಗಿನ ತುದಿಯ ಬಗ್ಗೆ.

ಒಂದು ಪರೀಕ್ಷೆ ಮಾಡು. ಎಡಗಡೆಯ ಎರಡೂ ಬಾಗಿಲು ಮುಚ್ಚಿ, ಸುತ್ತಲಿನ ಸಂದಿ ಮೇಲೆಷ್ಟು ಕೆಳಗೆಷ್ಟು ಅಂತ ಅಳೆದು ಬರೆದಿಟ್ಟುಕೋ. ಆಮೇಲೆ ಆ ಕಡೆ ಗಟ್ಟಿ ಜಾಗಕ್ಕೆ ಜಾಕ್ ಕೊಟ್ಟು ಸ್ವಲ್ಪ ಎತ್ತು. ಬಾಗಿಲು ತೆಗೆದು ಹಾಕಿ ನೋಡು. ಸಂದಿ ಬದಲಾದರೆ, ಬಾಗಿಲು ಕಚ್ಚಿಕೊಂಡರೆ ಬಾಡಿ ಬಾಗುತ್ತಿದೆ. ಆಗ ಮನೆಯಲ್ಲಿ ಕೈ ಹಾಕಬೇಡ. ಬದಲಾಗದಿದ್ದರೆ ಮುಂದೆ ಮಾತಾಡೋಣ. ಪುಟ್ಟಿ ಮಾತ್ರ ಪೂರ್ತಿ ತೆಗೆ. ಎಲ್ಲಿಯ ತನಕ ಇದೆ ಅಂತ ಆಯಸ್ಕಾಂತ ಹಿಡಿದು ನೋಡು. ಪುಟ್ಟಿ ದಪ್ಪ ಇದ್ದಲ್ಲಿ ಅದು ಅಂಟುವುದಿಲ್ಲ.

ಪದ್ಮಿನಿ_ನಿಟುವಳ್ಳಿ

ಫಿಟ್ಟರ್ ಅಣ್ಣಾ, ಮಾಡಿ ನೋಡಿದೆ. ಸಂದಿ ಒಂದು ಕೂದಲೆಳೆಯಷ್ಟೂ ಬದಲಾಗಲಿಲ್ಲ. ಬಾಗಿಲು ಮೊದಲಿನ ಹಾಗೇ ಮುಚ್ಚುತ್ತದೆ. ಮೆತ್ತಗಿರುವುದು ಹೊರಗಿನ ತಗಡು ಮಾತ್ರ, ಕೊನೆಯ 15 ಸೆಂ.ಮೀ. ಒಳಗಿನ ತಗಡು ಗಟ್ಟಿ ಇದೆ.

ಚಕ್ರದ ಕಮಾನಿನ ಒಳಮಡಿಕೆಯಿಂದ ಎರಡು ಬೊಗಸೆ ಎರೆಮಣ್ಣು ತೆಗೆದೆ. ಕಲ್ಲಿನ ಹಾಗೆ ಕೂತಿತ್ತು. ಅಪ್ಪ ಈ ಗಾಡಿಯಲ್ಲೇ ಭದ್ರಾ ನಾಲೆ ಏರಿ ಮೇಲೆ ಗದ್ದೆಗೆ ಹೋಗುತ್ತಿದ್ದರು.

ಹರಿಹರದ ಫಿಟ್ಟರ್

ತುಕ್ಕಿಗೆ ಆ ಮಣ್ಣೇ ಮೂಲ. ಎರೆಮಣ್ಣು ಒಮ್ಮೆ ನೀರು ಕುಡಿದರೆ ವಾರಗಟ್ಟಲೆ ಬಿಡುವುದಿಲ್ಲ. ತಗಡು ಒಳಗಿನಿಂದ ಹೊರಕ್ಕೆ ತಿನ್ನಿಸಿಕೊಂಡಿದೆ. ನಿಮ್ಮ ಕಡೆ ಗದ್ದೆ ಬಯಲಿನಲ್ಲಿ ಓಡಾಡಿದ ಗಾಡಿಗಳಲ್ಲಿ ಮೊದಲು ಹೋಗುವ ಜಾಗ ಇದು. ರನ್ನಿಂಗ್ ಬೋರ್ಡಿನ ಕೆಳಗೆ, ಬಾಗಿಲುಗಳ ತಳದಲ್ಲಿ ನೀರು ಇಳಿಯೋಕೆ ಸಣ್ಣ ತೂತುಗಳಿವೆ. ಅವನ್ನೂ ತಂತಿ ಹಾಕಿ ಬಿಡಿಸು. ಉಳಿದ ಮೂರು ಚಕ್ರದ ಕಮಾನನ್ನೂ ಇವತ್ತೇ ನೋಡು.

ತೂತು ಬಿದ್ದ ತಗಡನ್ನು ಕತ್ತರಿಸಲೇಬೇಕು. ಮೇಲ್ಮೈ ತುಕ್ಕು ಇರುವ ಕಡೆ ಮಾತ್ರ ಉಜ್ಜಿ ಉಳಿಸಬಹುದು.

ಟಿಂಕರ್ ಮಗಳು

ನಮ್ಮಪ್ಪ ಹಳೇ ಪಿ.ಬಿ. ರಸ್ತೆ ಹತ್ತಿರ ಟಿಂಕರಿಂಗ್ ಮಾಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂರುತ್ತಿದ್ದೆ. 9 ಮಿ.ಮೀ. ಪುಟ್ಟಿ ಹಾಕಿದವರ ಮೇಲೆ ಸಿಟ್ಟಾಗಬೇಡಿ. ಆಗ ಗಿರಾಕಿಗಳು ಬೆಳಗ್ಗೆ ಗಾಡಿ ಬಿಟ್ಟು, ನಾಳೆ ಮದುವೆಗೆ ಬೇಕು ಅನ್ನುತ್ತಿದ್ದರು. ತಗಡು ಬಡಿದು ಆಕಾರಕ್ಕೆ ತರೋಕೆ ಎರಡು ದಿನ ಬೇಕು. ಪುಟ್ಟಿ ಎಳೆಯೋಕೆ ಎರಡು ಗಂಟೆ ಸಾಕು. ಎರಡು ದಿನದ ಕೂಲಿ ಕೊಡುವವರು ಎಷ್ಟು ಜನ ಇದ್ದರು? ಮನೆಯಲ್ಲಿ ಮಾಡುವವರಿಗೆ ಇರುವ ಅನುಕೂಲ ಇದೊಂದೇ. ನಿಮ್ಮನ್ನು ಯಾರೂ ಅವಸರ ಮಾಡುವುದಿಲ್ಲ. ಆ ಸಮಯವನ್ನೆಲ್ಲ ತಗಡಿಗೆ ಕೊಡಿ.

ತಗ್ಗು ತೆಗೆಯುವಾಗ ನಡುವಿನಿಂದ ಶುರು ಮಾಡಬೇಡಿ. ಏಟು ಬಿದ್ದಾಗ ಮೊದಲು ನಡು ಒಳಗೆ ಹೋಗಿರುತ್ತದೆ, ಕೊನೆಗೆ ಸುತ್ತಲೂ ಒಂದು ಏಣು ಎದ್ದಿರುತ್ತದೆ. ತೆಗೆಯುವುದು ಅದರ ತಿರುಗುಮುರುಗು. ಕೊನೆಗೆ ಎದ್ದದ್ದನ್ನು ಮೊದಲು ಇಳಿಸಬೇಕು. ಡಿಕ್ಕಿಯೊಳಗಿಂದ ಕೈ ಹಾಕಿ ತಗ್ಗಿನ ಹಿಂಬದಿಗೆ ಡಾಲಿ (ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ) ಒತ್ತಿ ಹಿಡಿಯಿರಿ. ಹೊರಗಿನಿಂದ ಏಣಿನ ಮೇಲೆ ಸಣ್ಣಗೆ ತಟ್ಟಿ. ಸುತ್ತಿಗೆ ಡಾಲಿಯ ನೇರಕ್ಕೆ ಬೀಳಬಾರದು, ಪಕ್ಕಕ್ಕೆ ಬೀಳಬೇಕು. ಆಗ ಏಣು ಇಳಿಯುತ್ತದೆ, ತಗ್ಗು ತಾನೇ ಏಳುತ್ತದೆ.

ಡಾಲಿಯ ನೇರಕ್ಕೇ ಬಡಿದರೆ ಎರಡು ಕಬ್ಬಿಣದ ನಡುವೆ ಸಿಕ್ಕ ತಗಡು ಜೋಳದ ರೊಟ್ಟಿ ತಟ್ಟಿದ ಹಾಗೆ ಅಗಲ ಆಗುತ್ತದೆ. ಅಗಲವಾದ ತಗಡಿಗೆ ಕೂರೋಕೆ ಜಾಗ ಇರುವುದಿಲ್ಲ. ಎಣ್ಣೆ ಡಬ್ಬದ ತಳ ಒತ್ತಿದ ಹಾಗೆ ಟಪ್ ಅಂತ ಒಳಗೆ, ಟಪ್ ಅಂತ ಹೊರಗೆ ಆಡುತ್ತದೆ. ಹೊಸಬರ ಕೈಯಲ್ಲಿ ತಗಡು ಕೆಡುವುದು ಹೀಗೇ. ಮೊದಲ ದಿನ ಕಬ್ಬಿಣದ ಸುತ್ತಿಗೆ ಮುಟ್ಟಬೇಡಿ. ಮರದ ಕೊಡತಿ, ಒಂದು ಮರಳು ಚೀಲ ಸಾಕು. ಅಂಗೈ ಅಗಲದ ತಗ್ಗಿನ ಮುಕ್ಕಾಲು ಭಾಗ ಅಷ್ಟಕ್ಕೇ ಎದ್ದು ಬರುತ್ತದೆ.

ಅಪ್ಪ ಕಣ್ಣನ್ನು ನಂಬುತ್ತಿರಲಿಲ್ಲ. ತೆಳುವಾದ ಹತ್ತಿ ಬಟ್ಟೆ ಹಾಸಿ, ಅದರ ಮೇಲೆ ಅಂಗೈ ಇಟ್ಟು ಉದ್ದಕ್ಕೆ ಸವರುತ್ತಿದ್ದರು. ಬೆರಳ ತುದಿಯಲ್ಲ, ಇಡೀ ಅಂಗೈ. ಮುಖ ಆ ಕಡೆ ತಿರುಗಿಸಿಕೊಂಡಿರುತ್ತಿದ್ದರು. ಕಣ್ಣಿಗೆ ಕಾಣದ ಉಬ್ಬು ಕೈಗೆ ಸಿಗುತ್ತಿತ್ತು. ನನ್ನ ಕೈ ಹಿಡಿದು ಸವರಿಸಿ ಕಲಿಸಿದ್ದಾರೆ. ನೀವು ಮೊದಲು ಬಲಗಡೆಯ ಮಡ್‌ಗಾರ್ಡ್ ಸವರಿ, ಅದು ಏಟು ತಿಂದಿಲ್ಲ. ಆ ಬಾಗು ಕೈಗೆ ಗೊತ್ತಾಗಲಿ. ಆಮೇಲೆ ಎಡಗಡೆಗೆ ಬನ್ನಿ.

ಹರಿಹರದ ಫಿಟ್ಟರ್

ಅಕ್ಕಾ, ನಿಮ್ಮ ತಂದೆಯವರ ಮಾತು ನೂರಕ್ಕೆ ನೂರು ಸರಿ. ಹಿಗ್ಗಿದ ತಗಡಿನ ಬಗ್ಗೆ ಒಂದು ಸೇರಿಸುತ್ತೇನೆ. ಗ್ಯಾಸ್ ಟಾರ್ಚಿನಲ್ಲಿ ಎಂಟಾಣೆ ಅಗಲ ಮಾತ್ರ ಕೆಂಪಗೆ ಕಾಯಿಸಿ, ಸುತ್ತ ಹಗುರಾಗಿ ತಟ್ಟಿ, ಒದ್ದೆ ಬಟ್ಟೆ ಒತ್ತಿದರೆ ಅಷ್ಟು ಜಾಗ ಕುಗ್ಗುತ್ತದೆ. ಆದರೆ ಅದು ಕೈ ಪಳಗಿದವರ ಕೆಲಸ. ಜಾಸ್ತಿ ಕಾಯಿಸಿದರೆ ಇಡೀ ಮಡ್‌ಗಾರ್ಡ್ ಅಲೆ ಅಲೆಯಾಗುತ್ತದೆ.

ಜಗಳೂರು ರೈತ

ಅಣ್ಣಾರೆ, ಟ್ರೇಲರ್ ರಿಪೇರಿಗೆ ಅಂತ ನಮ್ಮ ಹತ್ತಿರ ಆರ್ಕ್ ವೆಲ್ಡಿಂಗ್ ಮಷಿನ್ ಇದೆ. ತಗಡಿನ ತೇಪೆ ಅದರಲ್ಲೇ ಆಗಲ್ವಾ? ಬೇಕಾದರೆ ತಂದುಕೊಡುತ್ತೇನೆ.

ಕೋಟೆ ಅಂಬಾಸಿಡರ್

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ರೈತರೇ, ನಿಮ್ಮ ಮನಸ್ಸು ದೊಡ್ಡದು. ಆದರೆ ನಾನು ಇದನ್ನೇ ಮಾಡಿ ಅನುಭವಿಸಿದ್ದೇನೆ.

ನನ್ನ ಅಂಬಾಸಿಡರ್‌ನ ನೆಲದ ತಗಡು ಹೋಗಿತ್ತು. ಮನೆಯಲ್ಲಿ ಮಿಕ್ಕಿದ್ದ, ಸತುವು ಬಳಿದ ಜಿಐ ತಗಡು ತೆಗೆದುಕೊಂಡು ಆರ್ಕ್‌ನಲ್ಲಿ ಕೂರಿಸೋಕೆ ಹೋದೆ. ಗೇಟು ಕಿಟಕಿಗೆ ಬಳಸುವ ದಪ್ಪ ರಾಡು. ಮುಟ್ಟಿಸಿದ ಕಡೆಯೆಲ್ಲ ತೂತು. ತೂತು ಮುಚ್ಚೋಕೆ ಹೋಗಿ ಇನ್ನೂ ದೊಡ್ಡ ತೂತು. ಜೊತೆಗೆ ಜಿಐ ಮೇಲಿನ ಸತುವು ಸುಟ್ಟು ಬಿಳಿ ಹೊಗೆ ಎದ್ದಿತು. ಶೆಡ್ಡಿನ ಬಾಗಿಲು ಮುಚ್ಚಿತ್ತು. ರಾತ್ರಿ ಚಳಿಜ್ವರ, ಮೈಕೈ ನೋವು. ಮಾರನೇ ದಿನ ಇಳಿಯಿತು. ಸತುವಿನ ಹೊಗೆ ಕುಡಿದರೆ ಹೀಗೇ ಆಗುತ್ತದೆ ಅಂತ ಡಾಕ್ಟರ್ ಹೇಳಿದರು. ದಯವಿಟ್ಟು ಯಾರೂ ಜಿಐ ತಗಡಿಗೆ ವೆಲ್ಡಿಂಗ್ ಹಚ್ಚಬೇಡಿ.

ಬೇಕಾಗಿರುವುದು ಸಿಆರ್ ತಗಡು (ಸತುವು ಬಳಿಯದ ನುಣುಪು ಉಕ್ಕಿನ ತಗಡು), 20 ಗೇಜು. ಸುಮಾರು 0.9 ಮಿ.ಮೀ. ತಗಡಿನ ಅಂಗಡಿಯಲ್ಲಿ ಕೇಳಿದರೆ ಕತ್ತರಿಸಿ ಕೊಡುತ್ತಾರೆ. ಬೆಸುಗೆಗೆ ಸಿಓ ಟು ವೆಲ್ಡಿಂಗ್ (ಗ್ಯಾಸ್ ಬಿಡುತ್ತಾ ತೆಳು ತಂತಿ ಕರಗಿಸಿ ಬೆಸೆಯುವುದು), 0.8 ಮಿ.ಮೀ. ತಂತಿ. ನಾನು ಕೊನೆಗೆ ಮಷಿನ್ ಸಮೇತ ವೆಲ್ಡರ್ ಒಬ್ಬರನ್ನು ಮನೆಗೇ ಕರೆಸಿದೆ. ಅಳತೆ, ಕತ್ತರಿಸುವುದು, ಕೂರಿಸುವುದು ಎಲ್ಲ ನಾನು ಮಾಡಿಟ್ಟಿದ್ದೆ. ಅವರು ಒಂದು ಮಧ್ಯಾಹ್ನದಲ್ಲಿ ಮುಗಿಸಿದರು. ನೀವೂ ಹಾಗೇ ಮಾಡಿ.

ಹರಿಹರದ ಫಿಟ್ಟರ್

ಇದು ಒಳ್ಳೆಯ ದಾರಿ. ವೆಲ್ಡರ್ ಬರುವ ಮುಂಚೆ ಏನೇನು ಆಗಿರಬೇಕು ಅಂತ ಹೇಳುತ್ತೇನೆ.

ಬ್ಯಾಟರಿ ವೈರ್ ಬಿಚ್ಚು. ಹಿಂದಿನ ಸೀಟು, ಮ್ಯಾಟು ಹೊರಗೆ ತೆಗೆ. ಪೆಟ್ರೋಲ್ ಟ್ಯಾಂಕ್ ಹಿಂದೆಯೇ ಇದೆ, ಅದನ್ನು ಪೂರ್ತಿ ಬಿಚ್ಚಿ ಮನೆಯಿಂದ ದೂರ ಇಡು. ಖಾಲಿ ಮಾಡಿದ್ದೇನೆ, ಸಾಕು ಅಂದುಕೊಳ್ಳಬೇಡ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಹೆಚ್ಚು ಅಪಾಯ. ಒಳಗೆ ಪೆಟ್ರೋಲಿನ ಆವಿ ಇರುತ್ತದೆ, ಅದಕ್ಕೆ ಒಂದು ಕಿಡಿ ಸಾಕು. ಎರಡು ಬಕೆಟ್ ನೀರು, ಒದ್ದೆ ಗೋಣಿಚೀಲ ಹತ್ತಿರ ಇರಲಿ. ಕೆಲಸ ಮುಗಿದ ಮೇಲೂ ಒಂದು ಗಂಟೆ ಗಾಡಿ ಬಿಟ್ಟು ಹೋಗಬೇಡ. ಒಳಗಿನ ಹಳೇ ಡಾಂಬರು, ಫೆಲ್ಟು ನಿಧಾನವಾಗಿ ಹೊಗೆಯಾಡಿ ಆಮೇಲೆ ಹತ್ತಿಕೊಳ್ಳುತ್ತದೆ.

ಗಾಡಿಯನ್ನು ನಾಲ್ಕು ಚಕ್ರದ ಮೇಲೇ ಸಮನಾದ ನೆಲದಲ್ಲಿ ನಿಲ್ಲಿಸು. ಎತ್ತಲೇಬೇಕಿದ್ದರೆ ಸ್ಟ್ಯಾಂಡು ಆಕ್ಸಲ್ ಕೆಳಗೆ ಇರಲಿ. ಬಾಡಿಯ ಭಾರ ಹೇಗೆ ಕೂರುತ್ತಿತ್ತೋ ಹಾಗೇ ಕೂತಿರಬೇಕು. ರನ್ನಿಂಗ್ ಬೋರ್ಡ್ ಕತ್ತರಿಸುವಾಗ ಎರಡೂ ತುದಿ ಒಮ್ಮೆಗೇ ಬಿಡಿಸಬೇಡ. ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಒಂದು ಚದರ ಪೈಪು ಟ್ಯಾಕ್ (ಚುಕ್ಕಿ ಬೆಸುಗೆ) ಹಾಕಿಸು. ನಿನ್ನದು ಸಣ್ಣ ತುಂಡೇ. ಆದರೂ ಹಾಕಿಸು.

ತೇಪೆಯ ಅಚ್ಚಿಗೆ ಹಳೇ ಕ್ಯಾಲೆಂಡರಿನ ರಟ್ಟು ಸಾಕು. ಮೂಲೆಗಳು ಚೂಪಾಗಿ ಬೇಡ, ಗುಂಡಗೆ ಇರಲಿ. ತುಕ್ಕು ಕಂಡ ಗಡಿಗೇ ನಿಲ್ಲಬೇಡ. ಹೊಳೆಯುವ, ದಪ್ಪ ತಗಡು ಸಿಗುವ ತನಕ ಹೋಗು. ಹೊಸ ತಗಡನ್ನು ಹಳೆಯದರ ಮೇಲೆ ಹೊದಿಸಬೇಡ. ಆ ಎರಡರ ನಡುವೆ ನೀರು ಕೂತು ಮತ್ತೆ ಅದೇ ಕಥೆ. ಅಂಚಿಗೆ ಅಂಚು ಕೂರಿಸು, ನಡುವೆ 1 ಮಿ.ಮೀ. ಸಂದಿ.

ವೆಲ್ಡರ್ ಒಂದೇ ಗೆರೆ ಎಳೆಯೋಕೆ ಹೋದರೆ ತಡಿ. ಚುಕ್ಕಿ ಚುಕ್ಕಿಯಾಗಿ ಹಾಕಬೇಕು. ಇಲ್ಲೊಂದು, ಎದುರಿಗೊಂದು, ಆಮೇಲೆ ಮೇಲೊಂದು. ಬರಿಗೈಯಲ್ಲಿ ಮುಟ್ಟುವಷ್ಟು ಆರಿದ ಮೇಲೆ ಮುಂದಿನದು. ಚಹಾ ತರಿಸು, ಊಟ ಹಾಕಿಸು, ನಿಧಾನ ಮಾಡಿಸು. ಗಂಟೆ ಲೆಕ್ಕದಲ್ಲಿ ಕೂಲಿ ಮಾತಾಡು, ಇಡೀ ಕೆಲಸಕ್ಕೆ ಇಷ್ಟು ಅಂತ ಬೇಡ. ಗುತ್ತಿಗೆ ಅಂದರೆ ಅವರಿಗೆ ಅವಸರ ಆಗುತ್ತದೆ.

ಪದ್ಮಿನಿ_ನಿಟುವಳ್ಳಿ

ಮೂರು ವಾರ ಆಯಿತು. ತಗ್ಗು ಎದ್ದಿದೆ. ಅಕ್ಕ ಹೇಳಿದಂತೆ ಕೊಡತಿಯಲ್ಲೇ ಬಹುಪಾಲು ಬಂತು. ನಿನ್ನೆ ವೆಲ್ಡರ್ ಬಂದಿದ್ದರು. ಮೂರು ತೇಪೆ ಕೂತವು. ರನ್ನಿಂಗ್ ಬೋರ್ಡಿನದು ನಾಲ್ಕು ಗಂಟೆ ಹಿಡಿಯಿತು. ಬಾಗಿಲ ಸಂದಿ ಮತ್ತೆ ಅಳೆದೆ. ಮೊದಲು ಬರೆದಿಟ್ಟಿದ್ದೇ ಈಗಲೂ ಇದೆ.

ಈಗ ಪುಟ್ಟಿ, ಪ್ರೈಮರ್. ಮನೆಯಲ್ಲಿ ಕಿಟಕಿಗೆ ಹೊಡೆದ ರೆಡ್ ಆಕ್ಸೈಡ್ ಅರ್ಧ ಡಬ್ಬ ಇದೆ. ಅದನ್ನೇ ಹೊಡೆದರೆ ನಡೆಯುತ್ತಾ?

ಟಿಂಕರ್ ಮಗಳು

ಬೇಡವೇ ಬೇಡ. ಅದರ ಮೇಲೆ ಎನ್‌ಸಿ ಪೇಂಟ್ (ಥಿನ್ನರ್ ಆರಿ ಒಣಗುವ ಗಾಡಿ ಪೇಂಟ್) ಹೊಡೆದರೆ, ಆ ಥಿನ್ನರ್ ಕೆಳಗಿನ ರೆಡ್ ಆಕ್ಸೈಡನ್ನು ಎಬ್ಬಿಸುತ್ತದೆ. ಹಾಲಿನ ಕೆನೆ ಸುಕ್ಕುಗಟ್ಟಿದ ಹಾಗೆ ಆಗುತ್ತದೆ. ಎಲ್ಲ ಕೆರೆದು ಮೊದಲಿನಿಂದ ಶುರು ಮಾಡಬೇಕು. ಎರಡು ಡಬ್ಬದ ಎಪಾಕ್ಸಿ ಪ್ರೈಮರ್ ತನ್ನಿ. ಬರಿ ತಗಡನ್ನು 80 ನಂಬರ್ ಪೇಪರಿನಲ್ಲಿ ಗೀರಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಅವತ್ತೇ ಹಚ್ಚಿ. ಉಜ್ಜಿದ ತಗಡನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆಗೆ ತುಕ್ಕು ಮತ್ತೆ ಶುರುವಾಗಿರುತ್ತದೆ.

ಪುಟ್ಟಿ 2 ಮಿ.ಮೀ. ದಾಟಬಾರದು. ದಾಟುತ್ತಿದೆ ಅಂದರೆ ತಗಡಿನ ಕೆಲಸ ಮುಗಿದಿಲ್ಲ, ಮತ್ತೆ ಕೊಡತಿ ಎತ್ತಿಕೊಳ್ಳಿ. ಗಟ್ಟಿ ಮಾಡುವ ಹಾರ್ಡನರ್ 100 ಗ್ರಾಂ ಪುಟ್ಟಿಗೆ 2 ಗ್ರಾಂ. ನಮ್ಮ ಊರಿನ ಬಿಸಿಲಿಗೆ ನಾಲ್ಕು ನಿಮಿಷದಲ್ಲಿ ಗಟ್ಟಿ ಆಗುತ್ತದೆ, ಆದ್ದರಿಂದ ನಿಂಬೆಹಣ್ಣಿನಷ್ಟು ಮಾತ್ರ ಕಲಸಿ. ಒಣಗಿದ ಪುಟ್ಟಿಯನ್ನು ನೀರು ಹಾಕಿ ಉಜ್ಜಬೇಡಿ. ಪುಟ್ಟಿ ನೀರು ಕುಡಿಯುತ್ತದೆ. ಆ ನೀರು ಪೇಂಟಿನ ಕೆಳಗೆ ಕೂತು ಗುಳ್ಳೆ ಎಬ್ಬಿಸುತ್ತದೆ. ಒಣದಾಗಿ, ಮರದ ಪಟ್ಟಿಗೆ ಪೇಪರ್ ಸುತ್ತಿ ಉಜ್ಜಿ. ಬೆರಳಲ್ಲಿ ಉಜ್ಜಿದರೆ ಬೆರಳಿನಷ್ಟೇ ತಗ್ಗು ಬೀಳುತ್ತವೆ.

ಪೇಂಟಿಗೆ ಮುಂಚೆ ಮೇಲ್ಮೈ ನುಣುಪು ಮಾಡೋಕೆ ಹೊಡೆಯುವ ಸರ್ಫೇಸರ್ ಆದ ಮೇಲೆ ನೀರು ಪೇಪರ್ ಉಜ್ಜುವುದು ಬೇರೆ. ಅದಕ್ಕೂ ಬೋರ್‌ವೆಲ್ ನೀರು ಬೇಡ. ನಮ್ಮ ಬೋರ್ ನೀರಿನಲ್ಲಿ ಉಪ್ಪಿನ ಅಂಶ ಜಾಸ್ತಿ, ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ ನೋಡಿ. ಅದು ಪೇಂಟಿನ ಕೆಳಗೆ ಸೇರಿದರೆ ಮಳೆಗಾಲದಲ್ಲಿ ಉಬ್ಬುತ್ತದೆ. ಕೊನೆಯ ಸಲ ಕುಡಿಯುವ ಫಿಲ್ಟರ್ ನೀರಿನಲ್ಲೇ ತೊಳೆಯಿರಿ.

ಎದೆರೋಗ ವಾರ್ಡ್ ನರ್ಸ್

ನಾನು ಗಾಡಿ ಕೆಲಸ ತಿಳಿದವಳಲ್ಲ. ಯಜಮಾನರು ಓದುತ್ತಿದ್ದರು, ನಾನೂ ಓದಿದೆ. ಒಂದು ಮಾತು ಹೇಳಲೇಬೇಕು.

ಕೊನೆಗೆ ಪಿಯು (ಪಾಲಿಯುರಥೇನ್) ಪೇಂಟ್ ಹೊಡೆಯುವ ಯೋಚನೆ ಇದ್ದರೆ, ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡಿದಾಗ ಅದು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಕೆಲವರಿಗೆ ಅದರಿಂದ ಅಸ್ತಮಾ ಬರುತ್ತದೆ. ಒಮ್ಮೆ ದೇಹಕ್ಕೆ ಅದು ಒಗ್ಗದೆ ಹೋದರೆ, ಆಮೇಲೆ ಸ್ವಲ್ಪವೇ ತಗುಲಿದರೂ ಉಸಿರು ಕಟ್ಟುತ್ತದೆ. ಕರವಸ್ತ್ರ, ಬಟ್ಟೆ ಮಾಸ್ಕ್, ಆಸ್ಪತ್ರೆಯ ಮಾಸ್ಕ್ ಯಾವುದೂ ಅದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಕೊಡುವ ಮುಖವಾಡ ಬೇಕು. ಅದು ಇಲ್ಲದೆ ಮನೆ ಶೆಡ್ಡಿನಲ್ಲಿ ಪಿಯು ಹೊಡೆಯಬೇಡಿ.

ಇನ್ನೊಂದು. 1978ರ ಪೇಂಟಿನಲ್ಲಿ ಸೀಸ ಇರಬಹುದು. ಹಳೇ ಪೇಂಟ್ ಒಣದಾಗಿ ಉಜ್ಜಿದ ಧೂಳು ಮಕ್ಕಳಿಗೆ ಬಹಳ ಕೆಟ್ಟದ್ದು. ಆ ಬಟ್ಟೆಯಲ್ಲೇ ಮನೆಯೊಳಗೆ ಹೋಗಬೇಡಿ, ಮಗು ಎತ್ತಿಕೊಳ್ಳಬೇಡಿ.

ಪದ್ಮಿನಿ_ನಿಟುವಳ್ಳಿ

ಅಕ್ಕಾ, ತುಂಬಾ ಥ್ಯಾಂಕ್ಸ್. ನಮ್ಮ ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ. ಶೆಡ್ಡಿನ ನೆಲ ಇವತ್ತೇ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಕೆಲಸದ ಬಟ್ಟೆ ಬೇರೆ ಇಟ್ಟಿದ್ದೇನೆ. ಪೇಂಟ್ ಮಾತ್ರ ಬೂತ್ (ಪೇಂಟ್ ಹೊಡೆಯೋಕೆ ಮಾಡಿದ ಮುಚ್ಚಿದ ಕೋಣೆ) ಇರುವ ಕಡೆ ಹೊಡೆಸುತ್ತೇನೆ.

ಕೋಟೆ ಅಂಬಾಸಿಡರ್

ಒಳ್ಳೆಯ ನಿರ್ಧಾರ. ನಾನು ಎನ್‌ಸಿ ಪೇಂಟನ್ನು ಹೊರಗೇ ಹೊಡೆದವನು. ದುರ್ಗದಲ್ಲಿ ಆಷಾಢದ ಗಾಳಿ ಹೇಗೆ ಅಂತ ನಿಮಗೆಲ್ಲ ಗೊತ್ತು, ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಪೇಂಟ್ ಒಣಗುವ ಮುಂಚೆ ಕೆಂಪು ಧೂಳು ಕೂತಿತು. ಮತ್ತೆ ಶ್ರಾವಣದ ಮೋಡದಲ್ಲಿ ಹೊಡೆದೆ. ಪೇಂಟ್ ಬೆಳ್ಳಗೆ ಮಬ್ಬಾಯಿತು. ಥಿನ್ನರ್ ಬೇಗ ಆರುವಾಗ ತಗಡು ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ದೀಪಾವಳಿ ಕಳೆದ ಮೇಲೆ, ಬಿಸಿಲು ಏರಿದ ಹತ್ತು ಗಂಟೆಗೆ ಹೊಡೆದಾಗ ಸರಿ ಬಂತು.

ಟಿಂಕರ್ ಮಗಳು

ದಾವಣಗೆರೆಯಲ್ಲಿ ಇನ್ನೊಂದಿದೆ. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಗಾಳಿ ಬೀಸಿದರೆ ಕರಿ ಮಸಿ ಹಾರಿ ಬರುತ್ತದೆ. ಅಪ್ಪ ಪೇಂಟಿನ ದಿನ ಮೊದಲು ಗಾಳಿ ಯಾವ ಕಡೆ ಅಂತ ನೋಡುತ್ತಿದ್ದರು.

ಜಗಳೂರು ರೈತ

ಬಣ್ಣ ಬದಲಾಯಿಸಬಹುದಾ ಅಣ್ಣಾರೆ? ಕೆಂಪು ಹೊಡೆಸಿದರೆ ಚೆನ್ನಾಗಿ ಕಾಣುತ್ತದೆ ಅಲ್ವಾ?

ಕೋಟೆ ಅಂಬಾಸಿಡರ್

ಬದಲಾಯಿಸಿದರೆ ಆರ್‌ಟಿಓದಲ್ಲಿ ಹೇಳಿ ಆರ್‌ಸಿಯಲ್ಲಿ ಬರೆಸಬೇಕು. ನನ್ನ ಮಾತು ಕೇಳಿದರೆ ಮೂಲ ಬಣ್ಣವೇ ಇರಲಿ. 2021ರಲ್ಲಿ ಕೇಂದ್ರದ ನಿಯಮ ಬಂತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಚಾಸಿ, ಬಾಡಿ, ಇಂಜಿನ್ ಮಾರ್ಪಾಡು ಆಗಿರಬಾರದು. 1978ರ ಗಾಡಿಗೆ 2028ಕ್ಕೆ 50 ತುಂಬುತ್ತದೆ. ಆದರೆ ವಿಂಟೇಜ್ ನಂಬರ್ ಪಡೆದ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ, ಅದನ್ನು ಯೋಚಿಸಿ. ತಗಡಿನ ಕೆಲಸದ ಫೋಟೋ ಎಲ್ಲ ಇಟ್ಟುಕೊಳ್ಳಿ. ಮೊದಲು ಹೇಗಿತ್ತೋ ಹಾಗೇ ಮಾಡಿದ್ದೇನೆ ಅಂತ ತೋರಿಸೋಕೆ ಬೇಕಾಗುತ್ತದೆ.

ಪದ್ಮಿನಿ_ನಿಟುವಳ್ಳಿ

ಮೂಲ ಬಣ್ಣವೇ. ಡಿಕ್ಕಿ ಬಾಗಿಲಿನ ರಬ್ಬರ್ ಎಬ್ಬಿಸಿದರೆ ಕೆಳಗೆ ಬಿಸಿಲು ಕಾಣದ ಪೇಂಟ್ ಸಿಕ್ಕಿತು. ಹಾಲಿಗೆ ಚೂರು ಬೆಲ್ಲ ಬಿದ್ದಂಥ ಕ್ರೀಮ್. ಹೊರಗಿನದು ಮಾಸಿ ಹಳದಿಯಾಗಿತ್ತು. ಅಂಗಡಿಯವರು ಕಲಸಿದ ಬಣ್ಣವನ್ನು ಒಂದು ತಗಡಿನ ತುಂಡಿಗೆ ಹಚ್ಚಿ, ಒಣಗಿಸಿ, ಬಿಸಿಲಿನಲ್ಲಿ ಪಕ್ಕ ಇಟ್ಟು ನೋಡಿದೆ. ಟ್ಯೂಬ್‌ಲೈಟಿನಲ್ಲಿ ಒಂದೇ ಕಂಡಿದ್ದು ಬಿಸಿಲಲ್ಲಿ ಬೇರೆ ಕಂಡಿತು. ಮೂರನೇ ಸಲಕ್ಕೆ ಸರಿಹೋಯಿತು.

ಡಿಸೆಂಬರಿನಲ್ಲಿ ಪೇಂಟ್ ಮುಗಿಯಿತು. ಬೂತಿನವರು ಮಡ್‌ಗಾರ್ಡ್ ಸವರಿ ನೋಡಿ, ಪುಟ್ಟಿ ಎಲ್ಲಿದೆ ಅಂತ ಕೇಳಿದರು. ಆಯಸ್ಕಾಂತ ಕೊಟ್ಟೆ. ಎಲ್ಲ ಕಡೆ ಅಂಟಿತು. ಅಮ್ಮ ಬಂದು ಹಿಂದಿನ ಸೀಟಿನಲ್ಲಿ ಸುಮಾರು ಹೊತ್ತು ಕೂತಿದ್ದರು.

ಹರಿಹರದ ಫಿಟ್ಟರ್

ಬಹಳ ಸಂತೋಷ ತಮ್ಮಾ. ರನ್ನಿಂಗ್ ಬೋರ್ಡಿನ ಒಳಗೆ ಮೇಣ ಹೊಡೆಸಿದೆಯಾ? ವೆಲ್ಡಿಂಗ್ ಆದ ಕಡೆ ಒಳಗಿನ ಪೇಂಟ್ ಸುಟ್ಟಿರುತ್ತದೆ, ಅದು ಹೊರಗೆ ಕಾಣುವುದಿಲ್ಲ. ಮತ್ತೆ ಮೇಣ ಹೊಡೆಯುವಾಗ ನೀರಿನ ತೂತು ಮುಚ್ಚಿಕೊಂಡಿಲ್ಲ ತಾನೇ?

ಪದ್ಮಿನಿ_ನಿಟುವಳ್ಳಿ

ಹೊಡೆಸಿದ್ದೇನೆ ಅಣ್ಣಾ, ಎರಡೂ ಕಡೆ. ತೂತುಗಳಿಗೆ ಬೆಂಕಿಕಡ್ಡಿ ಚುಚ್ಚಿಟ್ಟು ಆಮೇಲೆ ತೆಗೆದೆ. ನಿನ್ನೆ ಬಾಗಿಲ ಗಾಜಿನ ಮೇಲೆ ಎರಡು ಚೊಂಬು ನೀರು ಸುರಿದು ನೋಡಿದೆ. ಬಾಗಿಲ ತಳದಿಂದ ಹಾಗೇ ಹರಿದು ನೆಲಕ್ಕೆ ಬಿತ್ತು.